ಜನವರಿಯಲ್ಲಿ ಕಾದಿರಿಸುವ ಬೇಸಿಗೆ

ಮಿಷಿಗನ್‌ನಲ್ಲಿ ಬೇಸಿಗೆ ಶುರುವಾಗುವುದು ಜನವರಿಯಲ್ಲಿ. ಹೊರಗೆ ಪಾದ ಮುಳುಗುವಷ್ಟು ಹಿಮ, ಡ್ರೈವ್‌ವೇ ತುಂಬ ಉಪ್ಪಿನ ಹರಳು, ಸಂಜೆ ಐದೂವರೆಗೆಲ್ಲ ಕತ್ತಲು. ಅಂಥ ದಿನಗಳಲ್ಲಿ ಕಂಬಳಿ ಹೊದ್ದು ಕೂತು ಜುಲೈ ತಿಂಗಳ ಯಾವ ವಾರ, ಯಾವ ಸರೋವರ, ಯಾವ ಮರದ ಬುಡ ಎಂದು ತೀರ್ಮಾನಿಸಬೇಕು. ಇಲ್ಲಿನ ಸ್ಟೇಟ್ ಪಾರ್ಕುಗಳ ಟೆಂಟ್ ಜಾಗಗಳು ಆರು ತಿಂಗಳ ಮುಂಚೆ ಬುಕಿಂಗಿಗೆ ತೆರೆದುಕೊಳ್ಳುತ್ತವೆ, ಬೆಳಗ್ಗೆ ಎಂಟು ಗಂಟೆಗೆ. ಜುಲೈ 10ಕ್ಕೆ ಹೋಗುವವರು ಜನವರಿ 10ರ ಎಂಟಕ್ಕೆ ಕಾಫಿ ಲೋಟ ಪಕ್ಕಕ್ಕಿಟ್ಟು ಲ್ಯಾಪ್‌ಟಾಪಿನ ಮುಂದೆ ಸಿದ್ಧವಾಗಿರಬೇಕು. ತತ್ಕಾಲ್ ಟಿಕೆಟ್ ಬುಕ್ ಮಾಡಿ ಪಳಗಿದ ಬೆರಳುಗಳಿಗೆ ಇದೇನೂ ಹೊಸದಲ್ಲ. ಆದರೂ ನೋಡನೋಡುತ್ತಿದ್ದಂತೆ ನಕಾಶೆಯಿಂದ ಒಂದೊಂದೇ ಜಾಗ ಮಾಯವಾಗುವಾಗ ಎದೆ ಹೊಡೆದುಕೊಳ್ಳುತ್ತದೆ.

ಎಲ್ಲ ಪಾರ್ಕುಗಳಿಗೂ ಇಷ್ಟು ನೂಕುನುಗ್ಗಲು ಇಲ್ಲ. ಮಿಷಿಗನ್ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಸ್ಟೇಟ್ ಪಾರ್ಕುಗಳಿವೆ, ಸುಮಾರು 11,000 ಒಳನಾಡಿನ ಕೆರೆಗಳಿವೆ. ಅವುಗಳಲ್ಲಿ ಎಷ್ಟೋ ದಂಡೆಗಳಲ್ಲಿ ಬುಧವಾರ ಫೋನ್ ತೆಗೆದು ಶುಕ್ರವಾರಕ್ಕೆ ಜಾಗ ಹಿಡಿಯಬಹುದು. ಜಗಳವಿರುವುದು ಮಿಷಿಗನ್ ಸರೋವರದ ಪೂರ್ವ ದಂಡೆಯ ಪಾರ್ಕುಗಳಿಗೆ: ಹಾಲೆಂಡ್, ಗ್ರ್ಯಾಂಡ್ ಹೇವನ್, ಲಡಿಂಗ್ಟನ್, ಪೆಟೋಸ್ಕಿ. ಈ ದಂಡೆಯಲ್ಲಿ ಮರಳುದಿಬ್ಬಗಳಿವೆ, ಸೂರ್ಯ ನೀರಿಗೇ ಮುಳುಗುತ್ತಾನೆ, ಆಚೆ ದಡ ಕಾಣುವುದಿಲ್ಲ. ಭಾರತದಿಂದ ಬಂದವರನ್ನು ಕರೆತಂದು ನಿಲ್ಲಿಸಿದರೆ ಮೊದಲು ಕೇಳುವ ಪ್ರಶ್ನೆ, "ಇದು ಸಮುದ್ರ ತಾನೆ?" ನೀರನ್ನು ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡ ಮೇಲೂ ಪೂರ್ತಿ ನಂಬಿಕೆ ಬರುವುದಿಲ್ಲ. ನಂಬದಿರುವುದೂ ತಪ್ಪಲ್ಲ. ಐದು ಮಹಾಸರೋವರಗಳು ಸೇರಿ ಭೂಮಿಯ ಮೇಲ್ಮೈಯಲ್ಲಿರುವ ಸಿಹಿನೀರಿನ ಐದರಲ್ಲೊಂದು ಪಾಲನ್ನು ಹಿಡಿದುಕೊಂಡಿವೆ. ಮಿಷಿಗನ್ ಸರೋವರ ಒಂದರ ವಿಸ್ತಾರವೇ ಸುಮಾರು 58,000 ಚದರ ಕಿಲೋಮೀಟರ್. ಹಿಮಯುಗದ ಕೊನೆಯಲ್ಲಿ ಹಿಂದೆ ಸರಿದ ಮಂಜುಗಡ್ಡೆ ಕೊರೆದಿಟ್ಟುಹೋದ ಹೊಂಡ ಅದು.

ನಾವು ಇಲ್ಲಿನ ಕನ್ನಡಿಗರು ಪ್ರವಾಸ ಮಾಡುವ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಯುಗಾದಿ ಊಟದ ಸಾಲಿನಲ್ಲಿ ಸಿಕ್ಕವರು ಕೇಳುವುದು, "ಬೇಸಿಗೇಲಿ ಏನೇನು ಕವರ್ ಮಾಡಿದ್ರಿ?" ನಾಲ್ಕು ದಿನದಲ್ಲಿ ಆರು ಪಾರ್ಕು, ಎರಡು ಜಲಪಾತ, ಒಂದು ಸೇತುವೆ, ದಾರಿಯಲ್ಲಿ ಒಂದು ದೇವಸ್ಥಾನ. ಕಾರಿನ ಓಡೋಮೀಟರ್ ಮಾತ್ರ ನಿಜವಾಗಿ ಪ್ರವಾಸ ಮಾಡಿರುತ್ತದೆ. ಸರೋವರದ ದಂಡೆಯ ಕ್ಯಾಂಪಿಂಗಿಗೆ ಈ ಲೆಕ್ಕ ಒಗ್ಗುವುದಿಲ್ಲ. ಟೆಂಟ್ ಹೊಡೆಯಲು ಒಂದು ಸಂಜೆ, ಬಿಚ್ಚಲು ಒಂದು ಬೆಳಗು ಹೋಗುತ್ತದೆ. ಎರಡೇ ರಾತ್ರಿಗೆ ಹೋದವರಿಗೆ ಉಳಿಯುವುದು ಒಂದೇ ಹಗಲು, ಆ ಹಗಲಲ್ಲಿ ಮಳೆ ಬಂದರೆ ಅದೂ ಇಲ್ಲ. ಕನಿಷ್ಠ ಮೂರು ರಾತ್ರಿ, ಒಂದೇ ಜಾಗ. ಎರಡನೆಯ ದಿನ ಮಧ್ಯಾಹ್ನ "ಇನ್ನು ಏನು ಮಾಡೋದು?" ಎಂದು ಯಾರಾದರೂ ಕೇಳಬೇಕು. ಆ ಪ್ರಶ್ನೆ ಹುಟ್ಟುವಷ್ಟು ಖಾಲಿ ಹೊತ್ತು ಬಿಟ್ಟಿದ್ದರೆ ಯೋಜನೆ ಸರಿಯಾಗಿದೆ ಎಂದು ನಾನು ಅಂದುಕೊಳ್ಳುತ್ತೇನೆ.

ಲಡಿಂಗ್ಟನ್ ಪಾರ್ಕ್ ದುರಸ್ತಿಗೆಂದು ಮುಚ್ಚುವ ಮುಂಚಿನ ಬೇಸಿಗೆ, ಅಂದರೆ 2024ರಲ್ಲಿ, ಅಪ್ಪ ಅಮ್ಮ ಊರಿಂದ ಬರುವವರಿದ್ದರು. ವಿಮಾನದ ಟಿಕೆಟ್ ಇನ್ನೂ ತೆಗೆದಿರಲಿಲ್ಲ. ಅವರಿಗೆ ಟೆಂಟಿನಲ್ಲಿ ಮಲಗುವುದು ಒಪ್ಪಿಗೆಯೋ ಇಲ್ಲವೋ ಎಂದು ಕೇಳಿಯೂ ಇರಲಿಲ್ಲ, ಆದರೆ ಬುಕಿಂಗ್ ಕಾಯುವುದಿಲ್ಲವಲ್ಲ. ಎಪ್ಪತ್ತು ದಾಟಿದ ಇಬ್ಬರು, ಹತ್ತರ ಒಳಗಿನ ಇಬ್ಬರು, ನಡುವೆ ನಾವಿಬ್ಬರು. ಒಂದು ಟೆಂಟ್ ಜಾಗಕ್ಕೆ ಆರು ಜನರ ಮಿತಿ, ಸರಿಯಾಗಿ ಹೊಂದಿತು. ಇಷ್ಟು ಜನಕ್ಕೆ ಯಾವ ಸರೋವರ ಅನ್ನುವ ಚರ್ಚೆ ಊಟದ ಮೇಜಿನ ಮೇಲೆ ಕೆಲವು ದಿನ ನಡೆಯಿತು.

ಗಂಡನಿಗೆ ಪಾರ್ಕ್ಯುಪೈನ್ ಪರ್ವತಗಳ ಆಸೆ. ಸುಪೀರಿಯರ್ ಸರೋವರದ ದಂಡೆಯ ಸುಮಾರು 60,000 ಎಕರೆಯ ಆ ಪಾರ್ಕು 1945ರಿಂದ ಇದೆ. ಕಡಿಯದೆ ಉಳಿದ ಹಳೆಯ ಕಾಡು, ನಡುವೆ ಲೇಕ್ ಆಫ್ ದ ಕ್ಲೌಡ್ಸ್. ಯೂನಿಯನ್ ಬೇ ಕ್ಯಾಂಪ್‌ಗ್ರೌಂಡಿನಲ್ಲಿ ನೀರಿನ ಅಂಚಿಗೇ ಟೆಂಟ್ ಹಾಕಬಹುದು. ಆದರೆ ಡೆಟ್ರಾಯಿಟ್ ಕಡೆಯಿಂದ ಅಲ್ಲಿಗೆ ಹೋಗುವುದಕ್ಕಿಂತ ವಾಷಿಂಗ್ಟನ್ ಡಿಸಿಗೆ ಹೋಗುವುದು ಹತ್ತಿರ. ಅದೇ ರಾಜ್ಯದೊಳಗೇ ಹತ್ತು ಗಂಟೆ ಕಾರಿನಲ್ಲಿ ಕೂರಬೇಕು, ಮಧ್ಯೆ ಮ್ಯಾಕಿನಾ ಸೇತುವೆ ದಾಟಬೇಕು. ಸುಪೀರಿಯರ್ ನೀರು ಆಗಸ್ಟ್‌ನಲ್ಲೂ ಮೂಳೆ ಕೊರೆಯುತ್ತದೆ. ಅಮ್ಮನ ಮೊಣಕಾಲು ನೆನೆಸಿಕೊಂಡು ಆ ಆಸೆಯನ್ನು ಮಕ್ಕಳು ದೊಡ್ಡವರಾಗುವವರೆಗೆ ಮುಂದೂಡಿದೆವು. ನಾಲ್ಕು ಗಂಟೆಯ ದಾರಿಯ ಲಡಿಂಗ್ಟನ್ ಗೆದ್ದಿತು.

ಅದು ಗೆದ್ದದ್ದಕ್ಕೆ ದೂರ ಒಂದೇ ಕಾರಣವಲ್ಲ. ಲಡಿಂಗ್ಟನ್ ಸ್ಟೇಟ್ ಪಾರ್ಕ್ ಎರಡು ನೀರುಗಳ ನಡುವೆ ಇದೆ. ಪಶ್ಚಿಮಕ್ಕೆ ಮಿಷಿಗನ್ ಸರೋವರ, ಪೂರ್ವಕ್ಕೆ ಹ್ಯಾಮ್ಲಿನ್ ಕೆರೆ. ಇವೆರಡನ್ನು ಬಿಗ್ ಸೇಬಲ್ ಅನ್ನುವ ಪುಟ್ಟ ನದಿ ಸೇರಿಸುತ್ತದೆ; ಮಕ್ಕಳು ಗಾಳಿ ತುಂಬಿದ ಟ್ಯೂಬುಗಳ ಮೇಲೆ ಕೂತು ಅದರಲ್ಲಿ ತೇಲಿಕೊಂಡು ಹೋಗುತ್ತಾರೆ. ದೊಡ್ಡ ಸರೋವರದಲ್ಲಿ ಅಲೆ ಎದ್ದ ದಿನ ಹ್ಯಾಮ್ಲಿನ್ ಕೆರೆ ತಣ್ಣಗೆ ಮಲಗಿರುತ್ತದೆ. ಆಳ ಕಡಿಮೆ, ಹಾಗಾಗಿ ನೀರೂ ಬೆಚ್ಚಗೆ. ವಯಸ್ಸಾದವರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಕಂಡಿಲ್ಲ.

ಇನ್ನು ನಕಾಶೆ ಓದುವ ಕೆಲಸ. ಇದರಲ್ಲಿ ನನಗೆ ಸಿಗುವ ಸುಖ ಪ್ರವಾಸದಲ್ಲೂ ಸಿಗುವುದಿಲ್ಲವೇನೋ. ಪೈನ್ಸ್, ಸೀಡರ್, ಬೀಚ್‌ವುಡ್ ಎಂದು ಇಲ್ಲಿ ಮೂರು ಮಾಡರ್ನ್ ಕ್ಯಾಂಪ್‌ಗ್ರೌಂಡುಗಳು, ಜ್ಯಾಕ್ ಪೈನ್ ಎಂದು ಸಾಮಾನು ಹೊತ್ತು ನಡೆದು ಹೋಗಬೇಕಾದ ಒಂದು. ಮಾಡರ್ನ್ ಅಂದರೆ ಕರೆಂಟಿನ ಕಂಬ, ಫ್ಲಶ್ ಇರುವ ಟಾಯ್ಲೆಟ್, ಬಿಸಿನೀರಿನ ಸ್ನಾನ. ರಸ್ಟಿಕ್ ಅಂದರೆ ಗುಂಡಿ ಪಾಯಿಖಾನೆ, ಕೈಪಂಪು. ವಯಸ್ಸು ಇಪ್ಪತ್ತಾರಾಗಿದ್ದಾಗ ನಾನು ಮಾಡರ್ನ್ ಬುಕ್ ಮಾಡುವವರನ್ನು ನೋಡಿ ಮೂಗು ಮುರಿಯುತ್ತಿದ್ದೆ. ಈಗ ಟಾಯ್ಲೆಟ್ ಕಟ್ಟಡಕ್ಕೂ ಟೆಂಟಿಗೂ ಎಷ್ಟು ಹೆಜ್ಜೆ ಎಂದು ಸ್ಕ್ರೀನಿನ ಮೇಲೆ ಬೆರಳಿಟ್ಟು ಅಳೆಯುತ್ತೇನೆ. ತೀರಾ ಹತ್ತಿರ ಬೇಡ, ರಾತ್ರಿಯಿಡೀ ಬಾಗಿಲು ಬಡಿದುಕೊಳ್ಳುತ್ತದೆ, ದೀಪ ಕಣ್ಣಿಗೆ ಹೊಡೆಯುತ್ತದೆ. ತೀರಾ ದೂರವೂ ಬೇಡ, ಅಪ್ಪ ರಾತ್ರಿ ಎರಡು ಸಲ ಏಳುತ್ತಾರೆ. ಮೂರು ನಾಲ್ಕು ಜಾಗದಾಚೆಗೆ, ತಿರುವಿನ ಹೊರಮಗ್ಗುಲಲ್ಲಿ, ಹಿಂದುಗಡೆ ಇನ್ನೊಬ್ಬರ ಟೆಂಟ್ ಇಲ್ಲದಂಥದು ನೋಡಬೇಕು. ನೀರಿಗೆ ತೀರಾ ಎದುರಾಗಿರುವ ಜಾಗ ಫೋಟೋಗೆ ಚಂದ, ಮಲಗುವುದಕ್ಕಲ್ಲ. ಗಾಳಿ ಎದ್ದರೆ ಟೆಂಟಿನ ಬಟ್ಟೆ ರಾತ್ರಿಯಿಡೀ ಪಟಪಟ ಅನ್ನುತ್ತದೆ. ಮರಳಿನ ನೆಲಕ್ಕೆ ಟೆಂಟಿನ ಜೊತೆ ಬರುವ ಸಣ್ಣ ಗೂಟಗಳು ನಿಲ್ಲುವುದೇ ಇಲ್ಲ. ಉದ್ದನೆಯ, ಅಗಲ ಅಲಗಿನ ಮರಳುಗೂಟಗಳನ್ನು ಬೇರೆಯಾಗಿ ಕೊಳ್ಳಬೇಕು.

ಅಪ್ಪ ಅಮ್ಮನಿಗೆ ಎತ್ತರದ ಮಡಚುವ ಮಂಚ ತೆಗೆದುಕೊಂಡೆವು. ನೆಲದ ಮೇಲೆ ಚಾಪೆ ಹಾಸಿ ಬೆಳೆದವರು ಅವರು, ನೆಲ ಅವರಿಗೆ ಕಷ್ಟವಲ್ಲ. ಕಷ್ಟವಿರುವುದು ನೆಲದಿಂದ ಏಳುವುದು.

ಯಾವಾಗ ಹೋಗಬೇಕು ಅನ್ನುವುದರ ಬಗ್ಗೆ ಇಲ್ಲಿನವರಲ್ಲಿ ಬೇರೆಬೇರೆ ಪಂಥಗಳಿವೆ. ಜೂನ್‌ನಲ್ಲಿ ಹಗಲು ಉದ್ದ, ಆದರೆ ನೀರು ಇನ್ನೂ ಚಳಿಗಾಲವನ್ನು ಮರೆತಿರುವುದಿಲ್ಲ, ಸೊಳ್ಳೆಗಳಂತೂ ನಮಗಾಗಿಯೇ ಕಾದು ಕೂತಿರುತ್ತವೆ. ಆಗಸ್ಟ್‌ನಲ್ಲಿ ನೀರು ಬೆಚ್ಚಗಾಗುತ್ತದೆ, ಜನವೂ ಹೆಚ್ಚಾಗುತ್ತಾರೆ. ಸೆಪ್ಟೆಂಬರಿನ ಲೇಬರ್ ಡೇ ಕಳೆದ ಮರುದಿನ ಪಾರ್ಕುಗಳು ಖಾಲಿ; ಮಕ್ಕಳ ಶಾಲೆಯ ಹಂಗಿಲ್ಲದವರಿಗೆ ಅದೇ ಸುಗ್ಗಿ. ಆ ಹೊತ್ತಿಗೆ ಬಿಗ್ ಸೇಬಲ್ ನದಿಗೆ ಸ್ಯಾಮನ್ ಮೀನುಗಳೂ ಹತ್ತಿ ಬರತೊಡಗುತ್ತವೆ. ನಮ್ಮದು ಜುಲೈ. ಒಂದು ವಿಚಿತ್ರವನ್ನು ಮಾತ್ರ ಹೇಳಬೇಕು: ಈ ದಂಡೆಯಲ್ಲಿ ಕಡು ಬಿಸಿಲಿನ ದಿನವೂ ನೀರು ಇದ್ದಕ್ಕಿದ್ದಂತೆ ಹಿಮದಂತಾಗಬಹುದು. ಉತ್ತರದ ಗಾಳಿ ಒಂದೆರಡು ದಿನ ಬಿಡದೆ ಬೀಸಿದರೆ ಮೇಲಿನ ಬೆಚ್ಚನೆಯ ನೀರೆಲ್ಲ ದಂಡೆಯಿಂದ ಆಚೆ ಸರಿದು, ಆಳದ ತಣ್ಣೀರು ಆ ಜಾಗಕ್ಕೆ ಮೇಲೇರುತ್ತದೆ. ನಿನ್ನೆ ಮಕ್ಕಳು ಗಂಟೆಗಟ್ಟಲೆ ಆಡಿದ ನೀರಿನಲ್ಲಿ ಇವತ್ತು ಪಾದ ಇಡಲಾಗುವುದಿಲ್ಲ. ಹವಾಮಾನ ನೋಡುವಾಗ ಮಳೆಯನ್ನಷ್ಟೇ ನೋಡಿದರೆ ಸಾಲದು, ಗಾಳಿಯ ದಿಕ್ಕನ್ನೂ ನೋಡಬೇಕು.

ಗಾಳಿ ನೋಡಬೇಕಾದ ಇನ್ನೊಂದು ಕಾರಣ ಹೆಚ್ಚು ಗಂಭೀರವಾದದ್ದು. ಸರೋವರ ಎಂದ ಕೂಡಲೇ ನಮ್ಮ ಮನಸ್ಸು ನಿಶ್ಚಿಂತವಾಗುತ್ತದೆ. ಸಮುದ್ರಕ್ಕಿರುವ ಭಯ ಇದಕ್ಕಿಲ್ಲ. ಮಹಾಸರೋವರಗಳಲ್ಲಿ ಪ್ರತಿವರ್ಷ ಜನ ಮುಳುಗಿ ಸಾಯುತ್ತಾರೆ, ಅದರಲ್ಲೂ ಮಿಷಿಗನ್ ಸರೋವರದಲ್ಲಿ. ಇಲ್ಲಿನ ಅಲೆಗಳು ಒಂದರ ಹಿಂದೊಂದು ಬಹಳ ಬೇಗ ಬರುತ್ತವೆ, ಉಸಿರು ತೆಗೆದುಕೊಳ್ಳಲು ಬಿಡುವು ಕೊಡುವುದಿಲ್ಲ. ಉಪ್ಪಿಲ್ಲದ ನೀರು ಮೈಯನ್ನು ಅಷ್ಟಾಗಿ ಎತ್ತಿ ಹಿಡಿಯುವುದೂ ಇಲ್ಲ. ಬಂದರಿನ ಕಟ್ಟೆಗಳ ಪಕ್ಕದಲ್ಲಿ ನೀರು ಒಳಕ್ಕೆ ಎಳೆಯುತ್ತದೆ. ಹೆಚ್ಚಿನ ಸ್ಟೇಟ್ ಪಾರ್ಕುಗಳ ಬೀಚುಗಳಲ್ಲಿ ಲೈಫ್‌ಗಾರ್ಡುಗಳಿಲ್ಲ, ಬಾವುಟವಿದೆ: ಹಸಿರಾದರೆ ಸರಿ, ಹಳದಿಗೆ ಎಚ್ಚರ, ಕೆಂಪಿಗೆ ನೀರಿನಿಂದ ಹೊರಗೆ, ಎರಡು ಕೆಂಪು ಒಟ್ಟಿಗೆ ಹಾರಿದರೆ ನೀರಿಗೆ ಇಳಿಯುವುದೇ ನಿಷಿದ್ಧ. ಈಜು ಕಲಿಯದೆ ದೊಡ್ಡವರಾದ ನಮ್ಮಂಥವರ ಕುಟುಂಬದಲ್ಲಿ ಒಂದೇ ಕಾನೂನು ಸಾಕು: ಹಳದಿ ಬಾವುಟದ ದಿನ ಹ್ಯಾಮ್ಲಿನ್ ಕೆರೆ, ಮಕ್ಕಳಿಗೆ ಲೈಫ್ ಜಾಕೆಟ್. ವಾದಕ್ಕೆ ಆಸ್ಪದವಿಲ್ಲ.

ಅಡುಗೆಗೆ ಬರೋಣ. ಕನ್ನಡದ ಮನೆಗಳಲ್ಲಿ ಕ್ಯಾಂಪಿಂಗಿನ ಅರ್ಧ ಯೋಜನೆ ಇಲ್ಲೇ ಹೋಗುವುದು. ಎರಡು ಒಲೆಯ ಪ್ರೋಪೇನ್ ಸ್ಟವ್, ಒಂದು ಬೀಡಿನ ಬಾಣಲೆ, ಒಂದು ಸಣ್ಣ ಕುಕ್ಕರ್. ಒಗ್ಗರಣೆ ಗೊಜ್ಜುಗಳನ್ನು ಮನೆಯಲ್ಲೇ ಮಾಡಿ ಬಾಟಲಿಗೆ ತುಂಬಿಕೊಂಡರೆ ಅಲ್ಲಿ ಅನ್ನ ಮಾಡಿ ಕಲಸುವುದಷ್ಟೇ ಕೆಲಸ. ಬೆಳಗ್ಗೆ ಅವಲಕ್ಕಿ, ಉಪ್ಪಿಟ್ಟು. ಮಧ್ಯಾಹ್ನ ಮೊಸರನ್ನ, ಐಸ್ ಪೆಟ್ಟಿಗೆಯಲ್ಲಿ ಮೊದಲು ಖಾಲಿಯಾಗುವುದು ಮೊಸರೇ, ಇನ್ನೊಂದು ಡಬ್ಬಿ ಹೆಚ್ಚಿಗೆ ಇಡಿ. ದಾರಿಯಲ್ಲಿ ಹಾರ್ಟ್, ಶೆಲ್ಬಿ ಊರುಗಳ ಸುತ್ತ ತೋಟದವರ ಅಂಗಡಿಗಳಲ್ಲಿ ಜುಲೈ ಹೊತ್ತಿಗೆ ಚೆರ್ರಿ, ಬ್ಲೂಬೆರ್ರಿ ಸಿಗುತ್ತವೆ. ಜೂನ್‌ನಲ್ಲಿ ಹೋದರೆ ಆಸ್ಪರಾಗಸ್ ಸಿಗುತ್ತದೆ, ಈ ಸೀಮೆ ಅದಕ್ಕೆ ಹೆಸರುವಾಸಿ. ಪಲ್ಯ ಮಾಡಿದರೆ ಹುರುಳಿಕಾಯಿಯನ್ನು ಮರೆಸುತ್ತದೆ.

ಸೌದೆಯನ್ನು ಮಾತ್ರ ಮನೆಯಿಂದ ಒಯ್ಯಬೇಡಿ. ಇದು ಬರೀ ಸಲಹೆಯಲ್ಲ, ಇದರ ಹಿಂದೆ ನಮ್ಮೂರಿನದೇ ಒಂದು ಕತೆಯಿದೆ. 2002ರಲ್ಲಿ ಡೆಟ್ರಾಯಿಟ್ ಬಳಿ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಕೀಟ ಪತ್ತೆಯಾಯಿತು. ಏಷ್ಯಾದಿಂದ ಬಂದದ್ದು, ಒಂದು ಸೆಂಟಿಮೀಟರ್ ಉದ್ದದ, ಮಿರುಗುವ ಹಸಿರು ಜೀರುಂಡೆ. ಅದರ ಮರಿಹುಳುಗಳು ಆ್ಯಶ್ ಮರದ ತೊಗಟೆಯಡಿ ಸುರಂಗ ಕೊರೆದು ಮರಕ್ಕೆ ನೀರು ಆಹಾರ ಏರದಂತೆ ಮಾಡಿಬಿಡುತ್ತವೆ. ಕೋಟಿಗಟ್ಟಲೆ ಮರಗಳು ಒಣಗಿದವು. ಕೀಟ ತಾನಾಗಿ ಹೆಚ್ಚು ದೂರ ಹಾರುವುದಿಲ್ಲ. ಅದನ್ನು ದೂರದೂರಿಗೆ ಮುಟ್ಟಿಸಿದ್ದು ಕಾರಿನ ಡಿಕ್ಕಿಯಲ್ಲಿ ಸೌದೆ ತುಂಬಿಕೊಂಡು ಕ್ಯಾಂಪಿಂಗಿಗೆ ಹೊರಟ ಜನರು. ಅದಕ್ಕೇ ಪಾರ್ಕಿನ ಹತ್ತಿರವೇ ಸೌದೆ ಕೊಳ್ಳಿ ಎಂದು ಎಲ್ಲ ಕಡೆ ಫಲಕ ಹಾಕಿರುವುದು.

ಸೌದೆ ಒಲೆ ನೋಡಿ ಅಮ್ಮನ ಮುಖ ಅರಳಿತು ಎಂದು ಬರೆದರೆ ಓದಲು ಹಿತವಾಗಿರುತ್ತದೆ. ನಡೆದದ್ದು ಬೇರೆ. "ಇದರ ಹೊಗೆ ಕುಡಿದು ಕುಡಿದೇ ನನ್ನ ಕಣ್ಣು ಹೋಗಿದ್ದು, ಗ್ಯಾಸ್ ಬರ್ಲಿ ಅಂತ ಎಷ್ಟು ವರ್ಷ ಕಾದಿದ್ದೆ ಗೊತ್ತಾ" ಎಂದು ಅವಳು ಕುರ್ಚಿಯನ್ನು ಗಾಳಿಯ ಮೇಲ್ಮಗ್ಗುಲಿಗೆ ಎಳೆದುಕೊಂಡು ಕೂತಳು. ಬೆಂಕಿಯ ಸುತ್ತ ಕೂರುವ ಸುಖ ದಿನವೂ ಬೆಂಕಿ ಊದದವರಿಗೆ. ಆದರೂ ಬೆಂಕಿ ಸರಿಯಾಗಿ ಹತ್ತದೆ ನನ್ನ ಗಂಡ ಒದ್ದಾಡುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಬಂದು, ಸೌದೆಗಳನ್ನು ಬೇರೆ ಥರ ಜೋಡಿಸಿ, ಎರಡು ಸಲ ಊದಿದಳು. ಹತ್ತಿತು. ಮತ್ತೆ ಹೋಗಿ ಕೂತಳು.

ರಾತ್ರಿ ಊಟದ ಸಾಮಾನೆಲ್ಲ ಕಾರಿನೊಳಗೆ ಹೋಗಬೇಕು, ಕಾರಿನ ಬಾಗಿಲು ಹಾಕಬೇಕು. ಉತ್ತರದ ಪಾರ್ಕುಗಳಲ್ಲಿ ಕರಡಿ, ಇಲ್ಲಿ ರಕೂನ್. ಐಸ್ ಪೆಟ್ಟಿಗೆಯ ಚಿಲಕ ತೆಗೆಯುವ ಕೈ ಅವಕ್ಕಿದೆ. ಪಕ್ಕದ ಜಾಗದವರ ಹಾಟ್‌ಡಾಗ್ ಬನ್ನುಗಳನ್ನು ಅವು ಕಣ್ಣೆದುರೇ ಹೊತ್ತೊಯ್ದವು. ನಮ್ಮ ಮೇಜಿನ ಮೇಲೆ ಮರೆತಿದ್ದ ಇಂಗಿನ ಡಬ್ಬಿಯನ್ನು ಮೂಸಿ ಬಿಟ್ಟುಹೋಗಿದ್ದವು.

ಇನ್ನೊಂದು, ಯಾರೂ ಮುಂಚೆ ಹೇಳದ ವಿಷಯ: ಇಲ್ಲಿ ಸಂಜೆ ಆಗುವುದೇ ಇಲ್ಲ. ಲಡಿಂಗ್ಟನ್ 44ನೇ ಅಕ್ಷಾಂಶದ ಹತ್ತಿರವಿದೆ, ಜೊತೆಗೆ ಪೂರ್ವ ವಲಯದ ಗಡಿಯಾರದ ಪಶ್ಚಿಮ ತುದಿಯಲ್ಲಿದೆ. ಜುಲೈ ಮೊದಲ ವಾರಗಳಲ್ಲಿ ಸೂರ್ಯ ಮುಳುಗುವುದು ಒಂಬತ್ತೂವರೆಯ ಹೊತ್ತಿಗೆ. ಏಳು ಗಂಟೆಗೆ ದೀಪ ಹಚ್ಚಿ ಎಂಟಕ್ಕೆ ಊಟ ಮಾಡಿ ಒಂಬತ್ತಕ್ಕೆ ಮಲಗುವ ಜೀವಗಳಿಗೆ ಇದು ದೊಡ್ಡ ಧರ್ಮಸಂಕಟ. ಅಮ್ಮ ಸಣ್ಣ ಹಣತೆ ತಂದಿದ್ದಳು. ಮುಸ್ಸಂಜೆಯಾಗದೆ ದೀಪ ಹಚ್ಚುವ ಹಾಗಿಲ್ಲ, ದೀಪ ಹಚ್ಚದೆ ಊಟಕ್ಕೆ ಕೂರುವ ಹಾಗಿಲ್ಲ, ಮಕ್ಕಳಿಗೆ ಹಸಿವು. ಕೊನೆಗೆ ಭಾರತದ ಸಮಯಕ್ಕೂ ಇಲ್ಲಿನ ಸಮಯಕ್ಕೂ ಸಂಬಂಧವಿಲ್ಲದ ಒಂದು ರಾಜಿ ಮಾಡಿಕೊಂಡು ಏಳೂವರೆಗೆ, ಗಾಳಿಗೆ ಆರದಂತೆ ಸ್ಟೀಲ್ ಡಬ್ಬಿಯೊಳಗಿಟ್ಟು, ಸೂರ್ಯ ಮಾರುದ್ದ ಮೇಲಿರುವಾಗಲೇ ದೀಪ ಹಚ್ಚಿದಳು. ಕ್ಯಾಂಪಿನ ಮೌನದ ಹೊತ್ತು ಶುರುವಾಗುವುದು ರಾತ್ರಿ ಹತ್ತಕ್ಕೆ. ಅಂದರೆ ಕತ್ತಲಾದ ಮೇಲೆ ಬೆಂಕಿಯ ಮುಂದೆ ಗಟ್ಟಿಯಾಗಿ ಹರಟೆ ಹೊಡೆಯಲು ಸಿಗುವುದು ಚೂರೇ ಚೂರು ಸಮಯ.

ನೋಡುವ ಜಾಗಗಳ ಪಟ್ಟಿಯಲ್ಲಿ ನಾನು ಬರೆದುಕೊಂಡಿದ್ದು ಒಂದೇ, ಬಿಗ್ ಸೇಬಲ್ ಪಾಯಿಂಟ್ ದೀಪಸ್ತಂಭ. 1867ರದು, 112 ಅಡಿ ಎತ್ತರ. ಒಳಗಿನ ಇಟ್ಟಿಗೆ ಸವೆಯತೊಡಗಿದಾಗ ಸುತ್ತ ಕಬ್ಬಿಣದ ತಗಡು ಹೊದಿಸಿ ಕಪ್ಪು ಬಿಳಿ ಪಟ್ಟೆ ಬಳಿದಿದ್ದಾರೆ. ಕ್ಯಾಂಪಿನಿಂದ ಮರಳ ದಾರಿಯಲ್ಲಿ ಮೂರು ಕಿಲೋಮೀಟರ್ ನಡೆಯಬೇಕು, ಆಮೇಲೆ 130 ಮೆಟ್ಟಿಲು. ಮಕ್ಕಳೂ ನನ್ನ ಗಂಡನೂ ಹೋಗಿಬಂದರು. ಅಪ್ಪನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಹಾಗೆ ನೋಡಿದರೆ ಅವರಿಗೆ ಮಿಷಿಗನ್ ಸರೋವರದಲ್ಲೂ ಅಷ್ಟಾಗಿ ಆಸಕ್ತಿ ಹುಟ್ಟಲಿಲ್ಲ. ಮೊದಲ ದಿನ ಒಂದು ಸಲ ನೋಡಿ "ದೊಡ್ಡದು" ಎಂದರು. ಅವರನ್ನು ಹಿಡಿದು ನಿಲ್ಲಿಸಿದ್ದು ಆಚೆ ಮಗ್ಗುಲಿನ ಹ್ಯಾಮ್ಲಿನ್ ಕೆರೆ.

ಕಾರಣವಿದೆ. ಅಪ್ಪ ಮುಳುಗಡೆಯವರು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರಿಗೆ ಅಷ್ಟು ಹೇಳಿದರೆ ಸಾಕು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಆಗ ಅವರು ಹತ್ತು ವರ್ಷದ ಹುಡುಗ. ಮನೆ, ತೋಟ, ಗದ್ದೆ, ಶಾಲೆಯ ದಾರಿ ಎಲ್ಲ ನೀರಿನಡಿ ಹೋಯಿತು. ಬೇರೆ ಕಡೆ ಕಾಡು ಕಡಿದು ಬದುಕು ಕಟ್ಟಿಕೊಂಡ ಅನೇಕರಿಗೆ ಜಮೀನಿನ ಹಕ್ಕುಪತ್ರದ ತಂಟೆ ಇಂದಿಗೂ ಮುಗಿದಿಲ್ಲ. ಹಾಗಾಗಿ ದೊಡ್ಡ ನೀರನ್ನು ನೋಡಿದಾಗ ನಮಗೆಲ್ಲ ಬರುವ ಉದ್ಗಾರ ಅವರಿಗೆ ಬರುವುದಿಲ್ಲ. ಇದು ಹುಟ್ಟಿನಿಂದ ಇದ್ದ ನೀರೋ, ನಿಲ್ಲಿಸಿದ ನೀರೋ ಎಂದು ಮೊದಲು ನೋಡುತ್ತಾರೆ. ಹ್ಯಾಮ್ಲಿನ್ ದಂಡೆಯಲ್ಲಿ ಕೊಂಬೆಯಿಲ್ಲದ ಹಳೆಯ ಮರದ ಬುಡವೊಂದು ನೀರಿನೊಳಗೆ ನಿಂತಿರುವುದನ್ನು ಕಂಡು, "ಇದು ಕಟ್ಟೆ ಹಾಕಿದ ಕೆರೆ" ಎಂದರು. ಯಾರೂ ಹೇಳಿರಲಿಲ್ಲ.

ಅವರು ಹೇಳಿದ್ದು ನಿಜ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ರಾಜ್ಯ ಬಿಳಿ ಪೈನ್ ಮರಗಳ ಗಣಿಯಾಗಿತ್ತು. ಕಾಡು ಕಡಿದು ದಿಮ್ಮಿಗಳನ್ನು ನದಿಗೆ ತಳ್ಳಿ, ಕೆಳಗೆ ಕಟ್ಟೆ ಹಾಕಿ ಕೂಡಿಟ್ಟುಕೊಂಡು, ಗರಗಸದ ಮಿಲ್ಲಿನಲ್ಲಿ ಹಲಗೆ ಮಾಡುತ್ತಿದ್ದರು. ಬಿಗ್ ಸೇಬಲ್ ನದಿಗೂ ಹಾಗೇ ಅಡ್ಡ ಕಟ್ಟಿದರು. ನೀರು ನಿಂತು ಹ್ಯಾಮ್ಲಿನ್ ಕೆರೆಯಾಯಿತು, ಕಟ್ಟೆಯ ಕೆಳಗೆ ಮಿಲ್ಲಿನ ಸುತ್ತ ಹ್ಯಾಮ್ಲಿನ್ ಎಂಬ ಊರು ಬೆಳೆಯಿತು. 1888ರಲ್ಲಿ ಕಟ್ಟೆ ಒಡೆಯಿತು. ಮನೆಗಳು, ದಿಮ್ಮಿಗಳು, ಎಲ್ಲ ಕೊಚ್ಚಿಕೊಂಡು ಮಿಷಿಗನ್ ಸರೋವರ ಸೇರಿದವು. ಮತ್ತೆ ಕಟ್ಟಿದರು, 1912ರಲ್ಲಿ ಮತ್ತೆ ಒಡೆಯಿತು, ಮತ್ತೆ ಕಟ್ಟಿದರು. ಕಾಡೆಲ್ಲ ಬೋಳಾದ ಮೇಲೆ, ಆರ್ಥಿಕ ಕುಸಿತದ 1930ರ ದಶಕದಲ್ಲಿ, ಸಿವಿಲಿಯನ್ ಕನ್ಸರ್ವೇಷನ್ ಕೋರ್ ಎಂಬ ಸರ್ಕಾರಿ ಯೋಜನೆಯಡಿ ಕೆಲಸವಿಲ್ಲದ ಹುಡುಗರು ಬಂದು ಇಲ್ಲಿ ಗಿಡ ನೆಟ್ಟರು, ಕಟ್ಟಡ ಕಟ್ಟಿದರು. 1936ರಲ್ಲಿ ಸ್ಟೇಟ್ ಪಾರ್ಕ್ ಆಯಿತು. ಈಗ ನಾವು ಆರು ತಿಂಗಳ ಮುಂಚೆ ಕಾದಿರಿಸಿಕೊಂಡು ಬಂದು ನೆರಳು ಹುಡುಕುವ ಮರಗಳ ಇತಿಹಾಸ ಇದು.

ಎರಡನೆಯ ದಿನ ಮಧ್ಯಾಹ್ನ, ಬೇರೆಯವರೆಲ್ಲ ಮಲಗಿದ್ದಾಗ, ಅಪ್ಪನೂ ನಾನೂ ಕಟ್ಟೆಯ ಹತ್ತಿರ ಹೋದೆವು. ಲಿಂಗನಮಕ್ಕಿ ನೋಡಿದ ಕಣ್ಣಿಗೆ ಅದು ಕಟ್ಟೆಯೆಂದೇ ಅನ್ನಿಸದಷ್ಟು ಚಿಕ್ಕದು. ನಾನು ಫಲಕ ಓದಿ ಹ್ಯಾಮ್ಲಿನ್ ಊರಿನ ಕತೆ ಹೇಳಿದೆ. ಅವರು ಕೆಳಗಿನ ನದಿಪಾತ್ರವನ್ನು ಬಹಳ ಹೊತ್ತು ನೋಡಿ, "ನಮ್ಮದು ಕಟ್ಟಿದ್ದಕ್ಕೆ ಹೋಯ್ತು, ಇವರದ್ದು ಒಡೆದಿದ್ದಕ್ಕೆ ಹೋಯ್ತು" ಎಂದರು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಮಡೆನೂರು ಕಟ್ಟೆಯ ವಿಷಯ ತೆಗೆದರು. ಲಿಂಗನಮಕ್ಕಿಗಿಂತ ಮುಂಚೆ, 1940ರ ದಶಕದಲ್ಲಿ ಕಟ್ಟಿ ಮುಗಿಸಿದ ಹಿರೇಭಾಸ್ಕರ ಅಣೆಕಟ್ಟು ಅದು. ಹೊಸ ಅಣೆಕಟ್ಟಿನ ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಈಗಲೂ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಂಥ ಒಂದು ಬೇಸಿಗೆಯಲ್ಲಿ ಅಜ್ಜ ಅವರನ್ನು ಕರೆದುಕೊಂಡು ಹೋಗಿ ಮನೆಯ ಜಾಗ ಹುಡುಕಿದ್ದರಂತೆ. ಬಾವಿಯ ಕಟ್ಟೆ ಸಿಕ್ಕಿತ್ತಂತೆ. ಈ ಕತೆಯನ್ನು ನಾನು ನಲವತ್ತರ ಹತ್ತಿರ ಬಂದರೂ ಕೇಳಿರಲಿಲ್ಲ. ಊರಿಗೆ ಹೋದಾಗಲೆಲ್ಲ ಮದುವೆ, ಗೃಹಪ್ರವೇಶ, ಬ್ಯಾಂಕು. ಇಲ್ಲಿಗೆ ಅವರು ಬಂದಾಗ ಶಾಪಿಂಗ್ ಮಾಲು, ನಯಾಗರ, ಮಕ್ಕಳ ಡ್ಯಾನ್ಸ್ ಕ್ಲಾಸು. ಯಾರೂ ಏನೂ ಕವರ್ ಮಾಡದೆ ಕೂತ ಮಧ್ಯಾಹ್ನವೊಂದು ಬೇಕಾಗಿತ್ತು.

ಸಂಜೆ ಬೀಚಿನಲ್ಲಿ ನಿಂತಿದ್ದಾಗ ದಕ್ಷಿಣದ ಕಡೆ ಹೊಗೆ ಕಾಣಿಸಿತು. ಎಸ್‌ಎಸ್ ಬ್ಯಾಜರ್ ಹಡಗು ವಿಸ್ಕಾನ್ಸಿನ್ ಕಡೆಯಿಂದ ವಾಪಸು ಬರುತ್ತಿತ್ತು. 1953ರಿಂದ ಓಡುತ್ತಿರುವ, ಇವತ್ತಿಗೂ ಕಲ್ಲಿದ್ದಲು ಉರಿಸಿ ನಡೆಯುವ ಹಡಗು. ಮೊದಲು ರೈಲಿನ ಡಬ್ಬಿಗಳನ್ನು ದಾಟಿಸುತ್ತಿತ್ತು, ಈಗ ಕಾರು, ಲಾರಿ, ಜನ. ಲಡಿಂಗ್ಟನ್‌ನಿಂದ ಮ್ಯಾನಿಟೊವಾಕ್‌ಗೆ ಅರವತ್ತು ಮೈಲಿ, ನಾಲ್ಕು ಗಂಟೆ. ಯುಎಸ್ 10 ಹೆದ್ದಾರಿ ಈ ದಡದಲ್ಲಿ ನಿಂತು ಆ ದಡದಲ್ಲಿ ಮುಂದುವರಿಯುತ್ತದೆ, ನಡುವಿನ ರಸ್ತೆ ಈ ಹಡಗೇ. ಇದನ್ನು ಹೇಳುತ್ತಿದ್ದಂತೆ ಅಪ್ಪ ಮೊದಲ ಬಾರಿಗೆ ಉತ್ಸಾಹದಿಂದ ತಿರುಗಿದರು. "ಹಾಗಾದ್ರೆ ಇದು ಲಾಂಚು!" ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಬಸ್ಸು ಜೀಪು ಹತ್ತಿಸಿಕೊಂಡು ಸಿಗಂದೂರಿನ ಕಡೆಗೆ ಹೋಗುತ್ತಿದ್ದ ಲಾಂಚಿನಲ್ಲಿ ಅವರು ಅರ್ಧ ಆಯುಷ್ಯ ಓಡಾಡಿದ್ದಾರೆ. ಎಷ್ಟು ಗಾಡಿ ಹಿಡಿಯುತ್ತದೆ, ಎಷ್ಟು ಚಾರ್ಜು, ಗಾಳಿ ಜಾಸ್ತಿಯಾದರೆ ನಿಲ್ಲಿಸುತ್ತಾರಾ ಎಂದೆಲ್ಲ ವಿಚಾರಿಸಿದರು. ಸುಮಾರು 180 ಗಾಡಿ ಅಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

2025ರ ಜುಲೈನಲ್ಲಿ, ಲಾಂಚು ದಾಟುತ್ತಿದ್ದ ಆ ಹಿನ್ನೀರಿನ ಮೇಲೆ, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅಪ್ಪ ಫೋನಿನಲ್ಲಿ ಸೇತುವೆಯ ಬಗ್ಗೆ ಖುಷಿಯಿಂದಲೇ ಮಾತಾಡಿದರು, ಆಸ್ಪತ್ರೆಗೆ ಹೋಗಲು ಅಲ್ಲಿನ ಜನ ಪಟ್ಟ ಪಾಡು ಅವರಿಗೆ ಗೊತ್ತು. ಮಾತು ಮುಗಿಸುವಾಗ ಕೇಳಿದರು, "ನಿಮ್ಮ ಆ ಕಲ್ಲಿದ್ದಲಿನ ಲಾಂಚ್ ಇನ್ನೂ ಇದೆಯಲ್ಲ?"

ಇದೆ. ಹಾಗಾಗಿ ಮುಂದಿನ ಸಲದ ಯೋಜನೆ ಈ ದಡದಲ್ಲಿ ಮುಗಿಯುವುದಿಲ್ಲ. ಕಾರಿನ ಸಮೇತ ಬ್ಯಾಜರ್ ಹತ್ತಿ ಮ್ಯಾನಿಟೊವಾಕ್‌ನಲ್ಲಿ ಇಳಿದರೆ, ಅಲ್ಲಿಂದ ಡೋರ್ ಕೌಂಟಿಯ ಪೆನಿನ್ಸುಲಾ ಸ್ಟೇಟ್ ಪಾರ್ಕ್ ಒಂದು ಅಪರಾಹ್ನದ ದಾರಿ. ಅದು ಗ್ರೀನ್ ಬೇ ನೀರಿನ ಮೇಲೆ, ಸುಣ್ಣಕಲ್ಲಿನ ಬಂಡೆಗಳ ದಂಡೆ. ಮರಳುಗೂಟಗಳನ್ನು ಮನೆಯಲ್ಲೇ ಬಿಟ್ಟು ಸುತ್ತಿಗೆ ಒಯ್ಯಬೇಕು. ವಿಸ್ಕಾನ್ಸಿನ್‌ನ ಪ್ರವೇಶ ಸ್ಟಿಕ್ಕರ್ ಬೇರೆ. ನಮ್ಮ ನಂಬರ್ ಪ್ಲೇಟಿನ ಜೊತೆ ಬರುವ ರಿಕ್ರಿಯೇಷನ್ ಪಾಸ್‌ಪೋರ್ಟ್ ಅಲ್ಲಿ ನಡೆಯುವುದಿಲ್ಲ. ಬುಕಿಂಗ್ ಅಲ್ಲಿ ಹನ್ನೊಂದು ತಿಂಗಳು ಮುಂಚೆಯೇ ತೆರೆಯುತ್ತದೆ. ಅಮ್ಮನನ್ನು ಕೇಳಿದೆ. ಟೆಂಟಾದರೆ ಬರುತ್ತೇನೆ, ಆದರೆ ಈ ಸಲ ತೆಂಗಿನಕಾಯಿ ತುರಿಯುವ ಮಣೆ ಇಲ್ಲದೆ ಹೊರಡುವುದಿಲ್ಲ ಎಂದಳು. ಕಾರಿನ ಡಿಕ್ಕಿಯಲ್ಲಿ ಮಂಚಗಳ ಮಧ್ಯೆ ಅದಕ್ಕೆ ಎಲ್ಲಿ ಜಾಗ ಮಾಡುವುದು ಎಂದು ನನ್ನ ಗಂಡ ಲೆಕ್ಕ ಹಾಕುತ್ತಿದ್ದಾನೆ.